ನಾಟಿಯೋ ಸ್ವರ್ಣಧಾರವೋ, ಗೂಡು ನೆಲದ ಮೇಲೋ ಕಂಬದ ಮೇಲೋ: ಹಿತ್ತಿಲಿಗೆ ಕೋಳಿ ತರುವ ಮೊದಲು

"ಹಿತ್ತಿಲಲ್ಲಿ ನಾಲ್ಕು ಕೋಳಿ ಸಾಕೋಣ ಅಂತಿದ್ದೀನಿ, ಯಾವ ತಳಿ ತರಲಿ?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಸಂಜೆ ಆರೂವರೆಗೆ ನಿಮ್ಮ ಮನೆಯಲ್ಲಿ ಯಾರಿರುತ್ತಾರೆ?

ಕೇಳಿದವರು ಒಂದು ಕ್ಷಣ ಮುಖ ನೋಡುತ್ತಾರೆ. ಆದರೆ ಐದು ವರ್ಷ ಕೋಳಿ ಸಾಕಿ, ಎರಡು ಗೂಡು ಕಟ್ಟಿ, ಅದರಲ್ಲಿ ಒಂದನ್ನು ನಾನೇ ಕಿತ್ತು ಹಾಕಿದ ಮೇಲೆ ಗೊತ್ತಾಗಿದ್ದು ಇದೇ. ಹಗಲು ಹೊತ್ತು ಕೋಳಿ ತನ್ನ ಪಾಡು ತಾನು ನೋಡಿಕೊಳ್ಳುತ್ತದೆ. ಕತ್ತಲಾದರೆ ಅದಕ್ಕೆ ಕಣ್ಣು ಕಾಣುವುದಿಲ್ಲ. ಕೂತಲ್ಲೇ ಕೂತಿರುತ್ತದೆ, ಎತ್ತಿಕೊಂಡು ಹೋದರೂ ಸುಮ್ನಿರುತ್ತದೆ. ಆ ಹೊತ್ತಿಗೆ ಬಾಗಿಲು ಹಾಕುವ ಕೈ ಒಂದು ಬೇಕು. ಆ ಕೈ ಇದೆಯೋ ಇಲ್ಲವೋ ಅನ್ನುವುದರ ಮೇಲೆ ತಳಿ, ಗೂಡು, ಮರಿ ಎಲ್ಲ ತೀರ್ಮಾನ ಆಗುತ್ತದೆ.

ನಾನಿರುವುದು ಹಾಸನದ ಹೊರವಲಯದಲ್ಲಿ. ನಲವತ್ತು-ಅರವತ್ತರ ಸೈಟು, ಅರ್ಧ ಮನೆ, ಅರ್ಧ ಹಿತ್ತಿಲು. ಅಮ್ಮ ಇರುವುದು ಕೊಪ್ಪದ ಕಡೆ, ಅಡಿಕೆ ತೋಟದ ಅಂಚಿನಲ್ಲಿ. ಅವಳ ಹತ್ತಿರ ಬರೀ ನಾಟಿ. ನನ್ನ ಹತ್ತಿರ ಸ್ವರ್ಣಧಾರ ತಳಿಯ ನಾಲ್ಕು ಕೋಳಿ, ಜೊತೆಗೆ ಅಮ್ಮ ಕೊಟ್ಟ ಒಂದು ನಾಟಿ ಹ್ಯಾಟೆ, ಅಂದರೆ ಹೆಣ್ಣು ಕೋಳಿ. ಈ ಎರಡು ಮನೆಯ ಅನುಭವ ಇಟ್ಟುಕೊಂಡೇ ಹೋಲಿಸುತ್ತೇನೆ.

ನಾಟಿ, ಗಿರಿರಾಜ, ಸ್ವರ್ಣಧಾರ

ಮೊದಲು ಮೊಟ್ಟೆ ಲೆಕ್ಕ. ನಾಟಿ ಕೋಳಿ ವರ್ಷಕ್ಕೆ 50ರಿಂದ 70 ಮೊಟ್ಟೆ ಇಡುತ್ತದೆ. ಗಿರಿರಾಜ 130ರಿಂದ 150. ಸ್ವರ್ಣಧಾರ ಚೆನ್ನಾಗಿ ನೋಡಿಕೊಂಡರೆ 180ರ ಆಸುಪಾಸು. ಗಿರಿರಾಜ ಮತ್ತು ಸ್ವರ್ಣಧಾರ ಎರಡೂ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹುಟ್ಟಿದ ತಳಿಗಳು. ಗಿರಿರಾಜ ಹಳೆಯದು, ಸ್ವರ್ಣಧಾರ ಹೊರಬಂದಿದ್ದು 2005ರಲ್ಲಿ.

ಅಂಕಿ ನೋಡಿದರೆ ನಾಟಿ ಸೋತೇ ಹೋಯಿತು ಅನಿಸುತ್ತದೆ, ಅಲ್ವಾ? ಆದರೆ ನಾಟಿ ಯಾಕೆ ಕಡಿಮೆ ಇಡುತ್ತದೆ ಅಂತ ನೋಡಿ. ಅದು ಹನ್ನೆರಡು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. 21 ದಿನ ಅಲ್ಲಿಂದ ಏಳುವುದಿಲ್ಲ. ಆಮೇಲೆ ಎರಡು ತಿಂಗಳು ಮರಿಗಳ ಹಿಂದೆ. ಮರಿಗಳನ್ನು ಕುಕ್ಕಿ ಓಡಿಸಿ ಮತ್ತೆ ಮೊಟ್ಟೆಗೆ ಬರುತ್ತದೆ. ವರ್ಷಕ್ಕೆ ಮೂರು ಸುತ್ತು, ಹೆಚ್ಚಂದರೆ ನಾಲ್ಕು. ಅದರ ಸಮಯವೆಲ್ಲ ತಾಯ್ತನಕ್ಕೆ ಹೋಗುತ್ತದೆ. ಗಿರಿರಾಜ, ಸ್ವರ್ಣಧಾರಗಳಿಗೆ ಕಾವಿನ ಗೊಡವೆಯೇ ಇಲ್ಲ. ಮೊಟ್ಟೆ ಇಟ್ಟು, ಊರಿಗೆಲ್ಲ ಕೇಳುವ ಹಾಗೆ ಕೊಕ್ಕೊಕ್ಕೋ ಅಂತ ಕೂಗಿ, ಹುಳ ಹುಡುಕಲು ಹೋಗುತ್ತವೆ. ಹಾಗಾಗಿ ಮೊಟ್ಟೆ ಜಾಸ್ತಿ. ಮೊಟ್ಟೆಯ ರಾಶಿ, ಮರಿಯ ಹಿಂಡು ಎರಡನ್ನೂ ಒಂದೇ ಕೋಳಿಯಿಂದ ಕೇಳಬಾರದು.

ಮನೆಯ ಲೆಕ್ಕಕ್ಕೆ ಇಳಿಸಿದರೆ, ಐದು ಗಿರಿರಾಜ ಇದ್ದರೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ಎರಡು ಮೊಟ್ಟೆ. ಐದು ನಾಟಿ ಇದ್ದರೆ ದಿನಕ್ಕೆ ಒಂದೂ ಪೂರ್ತಿ ಬರುವುದಿಲ್ಲ. ಸರಾಸರಿ ಅಂದೆ, ಗಮನಿಸಿ. ಗರಿ ಉದುರುವ ಕಾಲದಲ್ಲಿ ಎರಡು ತಿಂಗಳು ಬುಟ್ಟಿ ಖಾಲಿ ಇರುತ್ತದೆ. ಮೋಡ ಕವಿದ ಜುಲೈನಲ್ಲೂ ಇಳಿಯುತ್ತದೆ, ಯಾಕೆಂದರೆ ಕೋಳಿ ಚೆನ್ನಾಗಿ ಮೊಟ್ಟೆ ಇಡಲು ದಿನಕ್ಕೆ 14 ಗಂಟೆಯಷ್ಟು ಬೆಳಕು ಬೇಕು.

ಖರ್ಚಿನ ಕಡೆ ನೋಡಿದರೆ ತಕ್ಕಡಿ ತಿರುಗುತ್ತದೆ. ದೊಡ್ಡ ಕೋಳಿಯೊಂದು ದಿನಕ್ಕೆ 110-120 ಗ್ರಾಂ ತಿನ್ನುತ್ತದೆ. ಐದು ಕೋಳಿಗೆ ತಿಂಗಳಿಗೆ ಹದಿನೆಂಟು ಕೆಜಿ. ಪೂರ್ತಿ ಅಂಗಡಿ ಫೀಡನ್ನೇ ಹಾಕಿದರೆ ಮೊಟ್ಟೆ ಪೇಟೆಯದಕ್ಕಿಂತ ದುಬಾರಿ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಅಮ್ಮ ಬೆಳಿಗ್ಗೆ ಒಂದು ಹಿಡಿ ನುಚ್ಚು, ಸಂಜೆ ಒಂದು ಹಿಡಿ ಭತ್ತ ಎಸೆಯುತ್ತಾಳೆ. ಮಿಕ್ಕಿದ್ದು ತೋಟದ ತರಗೆಲೆ ಕೆದಕಿ ಅವೇ ಹುಡುಕಿಕೊಳ್ಳುತ್ತವೆ. ಆಗಾಗ ಹಳೆಯ ಮಡಕೆಗೆ ಒಣ ಸಗಣಿ, ಹುಲ್ಲು ತುಂಬಿ ನೀರು ಚಿಮುಕಿಸಿ ಕವುಚಿ ಇಡುತ್ತಾಳೆ. ಒಂದೆರಡು ದಿನಕ್ಕೆ ಗೆದ್ದಲು ತುಂಬಿರುತ್ತದೆ. ಮಡಕೆ ಎತ್ತಿದ ಕೂಡಲೇ ಕೋಳಿಗಳು ಮದುವೆ ಮನೆಯ ಎರಡನೇ ಪಂಕ್ತಿಯ ಹಾಗೆ ನುಗ್ಗುತ್ತವೆ. ಸೈಟಿನಲ್ಲಿ ಇದು ಆಗದ ಮಾತು. ನಾನು ಅರ್ಧ ಫೀಡು, ಅರ್ಧ ಸೊಪ್ಪು, ನೀರಲ್ಲಿ ಬೆಳೆಯುವ ಅಜೋಲಾ, ಅಡುಗೆಮನೆಯದ್ದು ಹಾಕುತ್ತೇನೆ. ಮೊಟ್ಟೆ ಸಿಪ್ಪೆ ತೆಳ್ಳಗಾದರೆ ಚಿಪ್ಪಿನ ಪುಡಿ.

ಇನ್ನು ಜೀವ ಉಳಿಸಿಕೊಳ್ಳುವ ಜಾಣತನ. ಇಲ್ಲಿ ನಾಟಿಗೆ ಸಾಟಿ ಇಲ್ಲ. ಆಕಾಶದಲ್ಲಿ ಗಿಡುಗದ ನೆರಳು ಕಂಡರೆ ತಾಯಿ ಒಂದು ಸದ್ದು ಮಾಡುತ್ತದೆ, ಮರಿಗಳೆಲ್ಲ ಕೆಸುವಿನ ಬುಡದಲ್ಲಿ ಮಾಯ. ಅಮ್ಮ ಯಾವತ್ತಾದರೂ ಬಾಗಿಲು ಹಾಕಲು ತಡ ಮಾಡಿದರೆ ಅವು ಹಲಸಿನ ಮರ ಹತ್ತಿ ಕೂತಿರುತ್ತವೆ. ಗಿರಿರಾಜದ ಮೈ ಭಾರ. ಅಷ್ಟೆತ್ತರ ಹಾರಲು ಅದರಿಂದ ಆಗುವುದಿಲ್ಲ. ಸ್ವರ್ಣಧಾರ ಅದಕ್ಕಿಂತ ಹಗುರ, ಓಡಿ ತಪ್ಪಿಸಿಕೊಳ್ಳುವುದರಲ್ಲಿ ಸ್ವಲ್ಪ ವಾಸಿ. ಆದರೂ ಒಮ್ಮೆ ಮದುವೆಗೆ ಹೋಗಿ ರಾತ್ರಿ ಒಂಬತ್ತಕ್ಕೆ ಬಂದಾಗ ನನ್ನ ನಾಲ್ಕೂ ಸ್ವರ್ಣಧಾರಗಳು ಗೂಡಿನ ಮುಚ್ಚಿದ ಬಾಗಿಲ ಮುಂದೆ, ಮಳೆಯಲ್ಲಿ, ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಗಾಳಿಗೆ ಬಾಗಿಲು ಹಾಕಿಕೊಂಡಿತ್ತು. ಅಮ್ಮನ ಹ್ಯಾಟೆ ಮಾತ್ರ ಸ್ಕೂಟರ್ ಸೀಟಿನ ಮೇಲೆ ಬೆಚ್ಚಗೆ ನಿದ್ದೆ ಮಾಡುತ್ತಿತ್ತು.

ಹಾಗಾಗಿ ನನ್ನ ಅಭಿಪ್ರಾಯ ಹೀಗೆ. ತೋಟ ಇದೆ, ಸಂಜೆ ಯಾರಾದರೂ ಮನೆಯಲ್ಲಿರುವುದು ಖಾತ್ರಿ ಇಲ್ಲ ಅಂದರೆ ನಾಟಿ. ಕಾಂಪೌಂಡ್ ಇದೆ, ಮೊಟ್ಟೆ ಮುಖ್ಯ, ಬಾಗಿಲು ಹಾಕುವವರು ಇದ್ದಾರೆ ಅಂದರೆ ಸ್ವರ್ಣಧಾರ. ಮೊಟ್ಟೆಗಿಂತ ಮಾಂಸದ ಆಸೆ ಜಾಸ್ತಿ ಇದ್ದರೆ ಗಿರಿರಾಜ. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯ ಕೂಡ ಸಿಗುತ್ತವೆ. ವನರಾಜ ಗಿರಿರಾಜದ ದಾರಿ, ಗ್ರಾಮಪ್ರಿಯ ಮೊಟ್ಟೆಯ ದಾರಿ. ಹತ್ತಿರದಲ್ಲಿ ಯಾವುದು ನಂಬಿಕೆಯಿಂದ ಸಿಗುತ್ತದೋ ಅದನ್ನು ತನ್ನಿ.

ಕಡಕ್‌ನಾಥ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಮಧ್ಯಪ್ರದೇಶದ ಝಾಬುವಾ ಕಡೆಯ ತಳಿ, 2018ರಲ್ಲಿ ಅಲ್ಲಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿತು. ಚರ್ಮ, ಮಾಂಸ, ಎಲುಬು ಎಲ್ಲ ಕಪ್ಪು. ನೋಡಲು ಬಲು ಚಂದ, ಬಿಸಿಲಿಗೆ ಗರಿ ಹಸಿರಾಗಿ ಮಿನುಗುತ್ತದೆ. ಆದರೆ ಮೊಟ್ಟೆ ಕಡಿಮೆ, ಮರಿಯ ಬೆಲೆ ಜಾಸ್ತಿ. ಮತ್ತೆ ಮೊಟ್ಟೆ ಕಪ್ಪಲ್ಲ! ತೆಳು ಕಂದು. ಮೊಬೈಲಿನಲ್ಲಿ ಓಡಾಡುವ ಕಪ್ಪು ಮೊಟ್ಟೆಯ ಫೋಟೋ ನಂಬಿ ತಂದು ಬೇಜಾರು ಮಾಡಿಕೊಂಡವರನ್ನು ನೋಡಿದ್ದೇನೆ.

ಒಂದು ದಿನದ ಪಿಳ್ಳೆಯೋ, ಬೆಳೆದ ಹ್ಯಾಟೆಯೋ

ನನ್ನ ಮೊದಲ ಕೋಳಿಗಳು ಗಿರಿರಾಜ ಆಗಬೇಕಿತ್ತು. ಮೊಪೆಡ್ಡಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಬಂದವನೊಬ್ಬ "ಪಕ್ಕಾ ಗಿರಿರಾಜ" ಅಂತ ಹತ್ತು ಪಿಳ್ಳೆ ಕೊಟ್ಟು ಹೋದ. ಮೂರು ವಾರಕ್ಕೆ ಅವು ಬಿಳಿ ಗರಿ ಬಿಟ್ಟು, ನಡೆಯಲಾರದಷ್ಟು ದಪ್ಪ ಆದವು. ಶುದ್ಧ ಬ್ರಾಯ್ಲರ್. ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಪಿಳ್ಳೆಗಳದ್ದು ಇನ್ನೊಂದು ಕತೆ. ಅವು ಸಾಮಾನ್ಯವಾಗಿ ಮೊಟ್ಟೆ ತಳಿಯ ಗಂಡು ಮರಿಗಳು, ಫಾರಂನವರಿಗೆ ಬೇಡವಾದವು. ಮಕ್ಕಳು ಹಟ ಮಾಡಿದರೂ ತರಬೇಡಿ. ಹೆಬ್ಬಾಳದ ಕಾಲೇಜಿನಲ್ಲಿ ಅಥವಾ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಮುಂಗಡ ಹೇಳಿ ತರುವುದು ಒಳ್ಳೆಯದು. ತಾಲೂಕಿನ ಪಶು ಆಸ್ಪತ್ರೆಯಲ್ಲಿ ಕೇಳಿದರೆ ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ ಅಂತ ಹೇಳುತ್ತಾರೆ.

ಒಂದು ದಿನದ ಮರಿ ಅಗ್ಗ. ಆದರೆ ಅದಕ್ಕೆ ತಾಯಿ ನೀವೇ. ಮೊದಲ ವಾರ 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸುತ್ತಾ ಬರಬೇಕು. ಥರ್ಮಾಮೀಟರ್ ಬೇಕಿಲ್ಲ, ಮರಿಗಳನ್ನೇ ನೋಡಿ. ಬಲ್ಬಿನ ಕೆಳಗೆ ಗುಂಪು ಕಟ್ಟಿ ಚೀರಿದರೆ ಚಳಿ. ದೂರ ಹೋಗಿ ರೆಕ್ಕೆ ಇಳಿಬಿಟ್ಟು ಬಾಯಿ ತೆರೆದರೆ ಸೆಕೆ. ಅಲ್ಲಲ್ಲಿ ಹರಡಿಕೊಂಡು ನಿದ್ದೆ ಮಾಡುತ್ತಿದ್ದರೆ ಸರಿ ಇದೆ. ಇದರ ನಡುವೆ ರಾತ್ರಿ ಎರಡಕ್ಕೆ ಕರೆಂಟು ಹೋಗುತ್ತದೆ. ಆಗ ಏಳುವವರು ಯಾರು?

ಲಸಿಕೆಯೂ ನಿಮ್ಮದೇ ಪಾಲು. ಕೊಕ್ಕರೆ ರೋಗ (ರಾಣಿಖೇತ್) ಬಂದರೆ ವಾರದಲ್ಲಿ ಹಿತ್ತಿಲು ಖಾಲಿ. ಅದಕ್ಕೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ತಿಂಗಳಿಗೆ ಮತ್ತೊಮ್ಮೆ, ಎಂಟು ವಾರಕ್ಕೆ ರೆಕ್ಕೆಯ ಬುಡಕ್ಕೆ ಚುಚ್ಚುಮದ್ದು. ನಡುವೆ ಎರಡನೇ ವಾರದಲ್ಲಿ ಗುಂಬೋರೋ ಅನ್ನುವ ಮರಿಗಳ ರೋಗಕ್ಕೆ ಹನಿ. ಲಸಿಕೆ ಸೀಸೆ ನೂರಾರು ಕೋಳಿಯ ಲೆಕ್ಕದಲ್ಲಿ ಬರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಐದು ಕೋಳಿಗೆ ಒಂದು ಸೀಸೆ ಒಡೆಯುವುದಕ್ಕಿಂತ ಬೀದಿಯ ನಾಲ್ಕು ಮನೆಯವರು ಸೇರಿ ಒಂದೇ ದಿನ ಹಾಕಿಸುವುದು ಲಾಭ.

ಆರರಿಂದ ಎಂಟು ವಾರದ ಮರಿ ತಂದರೆ ಬಲ್ಬಿನ ಕಾಟ ಇಲ್ಲ, ಲಸಿಕೆಯೂ ಬಹುಪಾಲು ಮುಗಿದಿರುತ್ತದೆ. ಬೆಲೆ ಎರಡು ಮೂರು ಪಟ್ಟು ಇದ್ದರೂ ಮೊದಲ ಸಲ ಸಾಕುವವರಿಗೆ ನಾನು ಇದನ್ನೇ ಹೇಳುತ್ತೇನೆ. ಸ್ವರ್ಣಧಾರ ಮೊಟ್ಟೆಗೆ ಬರಲು ಐದಾರು ತಿಂಗಳು, ನಾಟಿಗೆ ಇನ್ನೂ ಸ್ವಲ್ಪ ಜಾಸ್ತಿ. ಅಷ್ಟು ದಿನ ಕಾಯುವ ತಾಳ್ಮೆ ಇಲ್ಲದವರು ಮೊಟ್ಟೆಗೆ ಬಂದ ಹ್ಯಾಟೆಯನ್ನೇ ಸಂತೆಯಿಂದ ತರುತ್ತಾರೆ. ಸಂತೆಯ ಕೋಳಿ ಜೊತೆ ಸಂತೆಯ ರೋಗವೂ ಬರಬಹುದು. ಎರಡು ವಾರ ಬೇರೆ ಇಟ್ಟು ನೋಡಿ. ಆಮೇಲೆ ರಾತ್ರಿ ಕತ್ತಲಲ್ಲಿ ಹಳೆಯವುಗಳ ಪಕ್ಕ ಕೂರಿಸಿ. ಹಗಲು ಬಿಟ್ಟರೆ ಜಗಳ ಜೋರಾಗಿರುತ್ತದೆ.

ಇವೆಲ್ಲಕ್ಕಿಂತ ಸುಖದ ದಾರಿ ಇನ್ನೊಂದಿದೆ. ಕಾವಿಗೆ ಬಂದ ನಾಟಿ ಕೋಳಿಯ ಹೊಟ್ಟೆಯಡಿ ಮೊಟ್ಟೆ ಇಡುವುದು. ನನ್ನ ಹ್ಯಾಟೆ ಕಳೆದ ವರ್ಷ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಕೂತುಬಿಟ್ಟಿತು. ಹತ್ತಿರ ಹೋದರೆ ಮೈ ಗರಿಯೆಲ್ಲ ಉಬ್ಬಿಸಿ ಕುರ್ರ್ ಅಂತ ಗದರುತ್ತಿತ್ತು. ನನ್ನಲ್ಲಿ ಹುಂಜ ಇಲ್ಲ, ಅದರ ಮೊಟ್ಟೆ ಮರಿ ಆಗುವಂಥದ್ದಲ್ಲ. ಅಮ್ಮನ ಮನೆಯಿಂದ ಹತ್ತು ಮೊಟ್ಟೆ ಹೊಟ್ಟಿನ ಬುಟ್ಟಿಯಲ್ಲಿ ಬಸ್ಸಿನಲ್ಲಿ ಬಂದವು. ರಾತ್ರಿ ಸದ್ದಿಲ್ಲದೆ ಬದಲಾಯಿಸಿದೆ. ಗುಡುಗಿಗೆ ಮೊಟ್ಟೆ ಕೆಡುತ್ತದೆ ಅಂತ ಅಮ್ಮ ಬುಟ್ಟಿಯಲ್ಲಿ ಒಂದು ಕಬ್ಬಿಣದ ಮೊಳೆಯನ್ನೂ ಕಳಿಸಿದ್ದಳು. ಅದನ್ನೂ ಇಟ್ಟೆ, ಇರಲಿ ಅಂತ. ಏಳನೇ ದಿನ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿದಾಗ ಎಂಟರಲ್ಲಿ ಜೇಡನ ಕಾಲಿನಂಥ ಕೆಂಪು ನರ ಕಂಡಿತು, ಎರಡು ಖಾಲಿ. ಇಪ್ಪತ್ತೊಂದನೇ ದಿನ ಬೆಳಿಗ್ಗೆ ರೆಕ್ಕೆಯ ಸಂದಿಯಿಂದ ಒಂದು ಹಳದಿ ತಲೆ ಹೊರಗೆ ಬಂತು, ನನ್ನನ್ನು ನೋಡಿ ಒಳಗೆ ಹೋಯಿತು. ಬಲ್ಬು, ಥರ್ಮಾಮೀಟರ್ ಏನೂ ಬೇಡ. ಹೀಗೆ ಗಿರಿರಾಜದ ಮೊಟ್ಟೆಯನ್ನೂ ಇಡಬಹುದು. ಮೊಟ್ಟೆ ದೊಡ್ಡದು, ಎಂಟು ಸಾಕು. ಆದರೆ ಅಪ್ಪ-ಅಮ್ಮನ ಮೊಟ್ಟೆ ಇಡುವ ಗುಣ ಆ ಮರಿಗಳಿಗೆ ಪೂರ್ತಿ ಬರುವುದಿಲ್ಲ ಅನ್ನುವುದು ಗೊತ್ತಿರಲಿ.

ಗೂಡು: ನೆಲದ ಮೇಲೋ, ಕಂಬದ ಮೇಲೋ

ನಾನು ಕಿತ್ತು ಹಾಕಿದ ಗೂಡು ನೆಲದ ಮೇಲಿನದು. ನಾಲ್ಕು ಕಂಬ, ಸುತ್ತ ಆರು ಮೂಲೆಯ ತೂತಿನ ಕೋಳಿ ಬಲೆ, ಮೇಲೆ ಶೀಟು. ನೋಡಲು ಚೆನ್ನಾಗಿತ್ತು. ಎರಡನೇ ತಿಂಗಳು ಮುಂಗುಸಿ ಮಣ್ಣು ತೋಡಿ ಬಲೆಯ ಕೆಳಗಿನಿಂದ ಬಂತು. ಬೆಳಿಗ್ಗೆ ನೋಡಿದರೆ ಮೂರು ಕೋಳಿ ಸತ್ತು ಬಿದ್ದಿದ್ದವು, ಒಂದನ್ನೂ ತಿಂದಿರಲಿಲ್ಲ. ಕೋಳಿ ಬಲೆ ಅಂತ ಮಾರುವುದು ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತದೆ ಅಷ್ಟೇ. ಹೊರಗಿನದು ಒಳಗೆ ಬರುವುದನ್ನು ತಡೆಯುವುದಿಲ್ಲ. ನಾಯಿ ಎಳೆದರೆ ಹರಿಯುತ್ತದೆ. ಗೂಡಿಗೆ ಬೇಕಿರುವುದು ಅರ್ಧ ಇಂಚು ಕಿಂಡಿಯ ವೆಲ್ಡ್ ಮೆಶ್. ನೆಲದ ಮೇಲೆಯೇ ಕಟ್ಟುವುದಾದರೆ ಅದನ್ನು ಒಂದು ಅಡಿ ಮಣ್ಣೊಳಗೆ ಹೂಳಬೇಕು, ಇಲ್ಲವೇ ಕಾಂಕ್ರೀಟು ಹಾಕಬೇಕು.

ಹದಿನೈದು ಇಪ್ಪತ್ತು ಕೋಳಿ ಸಾಕುವವರಿಗೆ ನೆಲದ ಗೂಡೇ ಸರಿ. ಎರಡಡಿ ಇಟ್ಟಿಗೆ ಗೋಡೆ, ಮೇಲೆ ಮೆಶ್, ನೆಲಕ್ಕೆ ಮೂರು ನಾಲ್ಕು ಇಂಚು ಭತ್ತದ ಹೊಟ್ಟು. ಗೂಡಿನ ಉದ್ದ ಪೂರ್ವದಿಂದ ಪಶ್ಚಿಮಕ್ಕೆ ಚಾಚಿದ್ದರೆ ಬಿಸಿಲು ನೇರ ಒಳಗೆ ಹೊಡೆಯುವುದಿಲ್ಲ. ಹೊಟ್ಟನ್ನು ಆಗಾಗ ಕೆದಕಿ, ಒದ್ದೆ ಕಂಡಲ್ಲಿ ಸುಣ್ಣ ಹಾಕಿದರೆ ವಾಸನೆ ಬರುವುದಿಲ್ಲ. ವರ್ಷದ ಕೊನೆಗೆ ಅದೇ ತೋಟಕ್ಕೆ ಗೊಬ್ಬರ. ಚಿತ್ರದುರ್ಗ, ಬಳ್ಳಾರಿ ಕಡೆಯ ಒಣ ಹವೆಗೆ ಇದು ಹೇಳಿ ಮಾಡಿಸಿದ್ದು. ಮಲೆನಾಡಿನ ಮಳೆಗಾಲದಲ್ಲಿ ಮಾತ್ರ ಹೊಟ್ಟು ಒಣಗುವುದೇ ಇಲ್ಲ. ಒದ್ದೆ ಹೊಟ್ಟಿನಲ್ಲಿ ಮರಿಗಳಿಗೆ ರಕ್ತಭೇದಿ ಬರುತ್ತದೆ.

ಐದಾರು ಕೋಳಿಗೆ ನಾನು ಕಂಬದ ಗೂಡಿನ ಪಕ್ಷ. ಎರಡನೇ ಸಲ ಕಟ್ಟಿದ್ದು ಅದೇ. ನಾಲ್ಕಡಿ ಉದ್ದ, ಮೂರಡಿ ಅಗಲ, ಅಂದರೆ ಆರು ಕೋಳಿಗೆ ತಲಾ ಎರಡು ಚದರಡಿ. ನೆಲದಿಂದ ಮೂರಡಿ ಎತ್ತರ. ತಳಕ್ಕೆ ಊರಿಂದ ತಂದ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರದ ಪಟ್ಟಿ), ನಡುವೆ ಅರ್ಧ ಇಂಚು ಸಂದಿ. ಹಿಕ್ಕೆ ಕೆಳಗೆ ಬೀಳುತ್ತದೆ, ಬಾಳೆ ಬುಡಕ್ಕೆ ಹೋಗುತ್ತದೆ, ಗೂಡು ಒಣಗಿರುತ್ತದೆ. ಮುಂಗುಸಿಗೆ ತೋಡಲು ಏನೂ ಇಲ್ಲ. ಕಂಬದ ಬುಡಕ್ಕೆ ಹಳೆ ಎಂಜಿನ್ ಆಯಿಲ್ ಹಾಕಿದ ಡಬ್ಬ ಇಟ್ಟರೆ ಇರುವೆ ಹತ್ತುವುದಿಲ್ಲ. ಇರುವೆ ಏನು ಮಹಾ ಅನ್ನಬೇಡಿ, ಮೊಟ್ಟೆ ಒಡೆದು ಆಗ ತಾನೇ ಹೊರಬರುವ ಮರಿಯನ್ನು ಅವು ತಿಂದು ಮುಗಿಸುತ್ತವೆ. ಸಣ್ಣ ಮರಿ ಇದ್ದಾಗ ದಬ್ಬೆಯ ಮೇಲೆ ಗೋಣಿ ಹಾಸಿ, ಇಲ್ಲದಿದ್ದರೆ ಕಾಲು ಸಂದಿಗೆ ಸಿಕ್ಕುತ್ತದೆ.

ಒಳಗೆ ಎರಡೇ ವಸ್ತು ಬೇಕು. ಕೂರಲು ಎರಡಿಂಚು ಅಗಲದ, ಅಂಚು ಉಜ್ಜಿದ ಅಡ್ಡಗಳು, ಒಂದು ಕೋಳಿಗೆ ಎಂಟು ಇಂಚಿನ ಲೆಕ್ಕದಲ್ಲಿ. ಮೊಟ್ಟೆ ಇಡಲು ಒಂದಡಿ ಚೌಕದ ಎರಡು ಪೆಟ್ಟಿಗೆ, ಅಡ್ಡಕ್ಕಿಂತ ಕೆಳಗೆ. ಪೆಟ್ಟಿಗೆ ಮೇಲಿದ್ದರೆ ರಾತ್ರಿ ಅದರಲ್ಲೇ ಮಲಗಿ ಗಲೀಜು ಮಾಡುತ್ತವೆ. ಎರಡು ಪೆಟ್ಟಿಗೆ ಇಟ್ಟರೂ ನನ್ನ ಐದೂ ಒಂದಕ್ಕೇ ಸಾಲು ನಿಲ್ಲುತ್ತವೆ. ಒಂದು ಇಡುತ್ತಿರುವಾಗ ಇನ್ನೊಂದು ಅದರ ಬೆನ್ನ ಮೇಲೆ ಕೂತಿದ್ದನ್ನೂ ನೋಡಿದ್ದೇನೆ.

ಮಾಡಿಗೆ ಶೀಟು ಹಗುರ, ಬೇಗ ಆಗುತ್ತದೆ, ಬೇಸಿಗೆಯಲ್ಲಿ ಬೆಂಕಿ. ಮೇಲೆ ತೆಂಗಿನ ಸೋಗೆ ಹೊದಿಸಿ. ಹಳೆ ಮಂಗಳೂರು ಹೆಂಚು ಸಿಕ್ಕಿದರೆ ಇನ್ನೂ ತಂಪು, ಆದರೆ ಕಂಬ ಗಟ್ಟಿ ಇರಬೇಕು. ಯಾವುದೇ ಆಗಲಿ, ಎರಡಡಿ ಹೊರಚಾಚು ಬಿಡಿ, ಇರಿಚಲು ಒಳಗೆ ಬಾರದ ಹಾಗೆ.

ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಕಬ್ಬಿಣದ ಪಂಜರ ಬೇಡವೇ ಬೇಡ. ಅದರಲ್ಲಿ ಕೋಳಿ ಮೊಟ್ಟೆ ಇಡುತ್ತದೆ, ನಿಜ. ಆದರೆ ಹಿತ್ತಿಲಲ್ಲಿ ಕೋಳಿ ಸಾಕುವ ಖುಷಿ ಅದು ಮಣ್ಣಲ್ಲಿ ಹೊರಳುವುದನ್ನು ನೋಡುವುದರಲ್ಲಿದೆ. ಮಧ್ಯಾಹ್ನ ಹನ್ನೊಂದರ ಹೊತ್ತಿಗೆ ನನ್ನವು ಕರಿಬೇವಿನ ಬುಡದ ಗುಂಡಿಯಲ್ಲಿ ಅಡ್ಡ ಬಿದ್ದು, ಒಂದು ಕಾಲು ಚಾಚಿ, ಗರಿಯೊಳಗೆಲ್ಲ ಧೂಳು ತುಂಬಿಕೊಂಡು ಕಣ್ಣು ಮುಚ್ಚುತ್ತವೆ. ಮೊದಲ ಸಲ ನೋಡಿದಾಗ ಸತ್ತೇ ಹೋಯಿತು ಅಂತ ಓಡಿದ್ದೆ. ಅದು ಹೇನು ಬಿಡಿಸಿಕೊಳ್ಳುವ ಸ್ನಾನ.

ಅಮ್ಮನ ಮನೆಯಲ್ಲಿ ಇರುವುದು ಕೊಟ್ಟಿಗೆಯ ಮೂಲೆಯ ಹಳೆ ಒಡ್ಡಿ (ಕೋಳಿ ಗೂಡು), ಮರಿ ಇರುವ ತಾಯಿಗೆ ಒಂದು ಮಂಕರಿ (ಬುಟ್ಟಿ). ಖರ್ಚು ಸೊನ್ನೆ. ನಾಟಿಗೆ ಅಷ್ಟು ಸಾಕು.

ಹುಂಜ ಬೇಕಾ?

ಮೊಟ್ಟೆಗೆ ಬೇಡ. ಹುಂಜ ಇಲ್ಲದೆಯೂ ಹ್ಯಾಟೆ ಅಷ್ಟೇ ಮೊಟ್ಟೆ ಇಡುತ್ತದೆ, ಮರಿ ಆಗುವುದಿಲ್ಲ ಅಷ್ಟೇ. ಮರಿ ಬೇಕಾದರೆ ಎಂಟು ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು. ಎರಡಿದ್ದರೆ ದಿನಾ ಕೋಳಿ ಅಂಕ, ಬರೀ ಕಾಳಗ.

ಹಳ್ಳಿಯಲ್ಲಿ ಹುಂಜ ಇದ್ದರೆ ಚಂದ. ಕಾಳು ಸಿಕ್ಕರೆ ತಾನು ತಿನ್ನದೆ ಹ್ಯಾಟೆಗಳನ್ನು ಕರೆಯುತ್ತದೆ, ಗಿಡುಗ ಬಂದರೆ ಎದುರು ನಿಲ್ಲುತ್ತದೆ. ಬಡಾವಣೆಯಲ್ಲಿ ಲೆಕ್ಕ ಬೇರೆ. ಕಳೆದ ವರ್ಷದ ಎಂಟು ಮರಿಗಳಲ್ಲಿ ಐದು ಹುಂಜ ಆದವು. ನಾಲ್ಕನ್ನು ಊರಿಗೆ ಸಾಗಿಸಿ, ಕೆಂಪು ಬಾಲದ್ದೊಂದನ್ನು ಆಸೆಗೆ ಉಳಿಸಿಕೊಂಡೆ. ಅದು ಬೆಳಗಿನ ಜಾವ ಮೂರೂಕಾಲಕ್ಕೆ ಶುರು ಮಾಡುತ್ತಿತ್ತು. ಪಕ್ಕದ ಮನೆಯವರು ಹದಿನೈದು ದಿನ ಏನೂ ಹೇಳಲಿಲ್ಲ. ಹದಿನಾರನೇ ದಿನ ಕಾಂಪೌಂಡ್ ಆಚೆಯಿಂದ ಬಲು ಮೆತ್ತಗೆ "ಈ ಹುಂಜದ ಸಾರು ಯಾವಾಗ?" ಅಂತ ಕೇಳಿದರು. ಮಾರನೇ ದಿನವೇ ಅದು ಕೊಪ್ಪದ ಬಸ್ಸು ಹತ್ತಿತು. ಅವರಿಗೆ ವಾರಕ್ಕೆ ಆರು ಮೊಟ್ಟೆ ಕೊಡುತ್ತೇನೆ. ನಾನು ಊರಲ್ಲಿ ಇಲ್ಲದ ದಿನ ಆರೂವರೆಗೆ ಬಂದು, ಐದೂ ಒಳಗಿವೆಯಾ ಅಂತ ಎಣಿಸಿ, ಬಾಗಿಲು ಹಾಕುವವರು ಈಗ ಅವರೇ.